ಹಿಮದ ಬೆಟ್ಟದಲ್ಲಿ ಅಜ್ಜನ ಅಂಬಾಸಿಡರ್: ಫೋಟೋ ಹೇಗೆ ತೆಗೆಸೋದು?

ಪ್ರಶ್ನೆ (ಸಿರುಗುಪ್ಪ): ಸರ್, ಮಾರ್ಚ್‌ನಲ್ಲಿ ಮನಾಲಿ ಕಡೆ ನಮ್ಮ ಪ್ರೀ-ವೆಡ್ಡಿಂಗ್ ಶೂಟ್. ಹಳೇ ಬಾಂಡ್ ಸಿನಿಮಾ ಥರ ಬರಬೇಕು: ನಾನು ಸೂಟ್, ಅವಳಿಗೆ ತಲೆಗೆ ಸ್ಕಾರ್ಫ್, ಕಪ್ಪು ಕನ್ನಡಕ. ಅಜ್ಜನ ಅಂಬಾಸಿಡರ್ ಲಾರಿ ಮೇಲೆ ಒಯ್ಯೋ ಯೋಚನೆ ಇದೆ. ಕಾರನ್ನ ಹಿಮದಲ್ಲಿ ಅರ್ಧ ಹೂತ ಹಾಗೆ ನಿಲ್ಲಿಸಿದರೆ ಹೇಗೆ?

ಉತ್ತರ (ಫೋಟೋಗ್ರಾಫರ್, ಗಂಗಾವತಿ): ಹೂಳಬೇಡಿ, ಕೆಟ್ಟು ನಿಂತ ಗಾಡಿ ಥರ ಕಾಣುತ್ತೆ. 1964ರ ಬಾಂಡ್ ಸಿನಿಮಾ ಗೋಲ್ಡ್‌ಫಿಂಗರ್‌ನಲ್ಲಿ ಸ್ವಿಟ್ಜರ್ಲೆಂಡಿನ ಫುರ್ಕಾ ಪಾಸ್ ಮೇಲೆ ಬಾಂಡ್‌ನ ಕಾರು ಆಸ್ಟನ್ ಮಾರ್ಟಿನ್ ಡಿಬಿ5 ಓಡೋದು ಒಣ ರಸ್ತೆಯಲ್ಲಿ. ಆ ಠೀವಿ ಬರೋದು ರಸ್ತೆಯ ತಿರುವು ಮತ್ತು ಹಿಂದೆ ಎದ್ದು ನಿಂತ ಬೆಟ್ಟದಿಂದ. ಹಿಮ ತೆಗೆದ ರಸ್ತೆ ನೋಡಿ, ಗಾಡಿ ಮುಂಚಕ್ರ ಸ್ವಲ್ಪ ತಿರುಗಿಸಿ ನಿಲ್ಲಿಸಿ, ಕ್ಯಾಮೆರಾ ಹೆಡ್‌ಲೈಟ್ ಎತ್ತರಕ್ಕೆ ಇಳಿಸಿ.

ಕ್ಯಾಮೆರಾದ ಬೆಳಕು ಅಳೆಯೋ ಮೀಟರ್ ಹಿಮವನ್ನ ಬೂದು ಮಾಡಿಬಿಡುತ್ತೆ. ಎಕ್ಸ್‌ಪೋಶರ್, ಅಂದ್ರೆ ಫೋಟೋಗೆ ಬೀಳೋ ಬೆಳಕು, ಒಂದರಿಂದ ಒಂದೂವರೆ ಸ್ಟಾಪ್ (ಬೆಳಕಿನ ಅಳತೆ; ಒಂದು ಸ್ಟಾಪ್ ಅಂದ್ರೆ ಎರಡರಷ್ಟು) ಏರಿಸಲು ಹೇಳಿ. ಇನ್ನೊಂದು, ಅಂಬಾಸಿಡರಿನ ಕ್ರೋಮ್ ಬಂಪರ್ ಕನ್ನಡಿಯೇ ಸರಿ. ಕ್ಯಾಮೆರಾ ಹಿಡಿದವನ ಕೆಂಪು ಜಾಕೆಟ್, ಪಕ್ಕದಲ್ಲಿ ನಿಂತ ಮಾವನ ಶಾಲು, ಎಲ್ಲಾ ಅದರಲ್ಲಿ ಮೂಡುತ್ತೆ. ಎಲ್ಲರೂ ಕಪ್ಪು ಹಾಕ್ಕೊಳ್ಳಿ, ಇಲ್ಲಾ ದೂರ ಸರೀರಿ. ಮುಂದಿನ ಗಾಜಿನ ಹೊಳಪಿಗೆ ಲೆನ್ಸ್ ಮುಂದೆ ಪೋಲರೈಸರ್ ಫಿಲ್ಟರ್ ಇರಲಿ.

ಪ್ರಶ್ನೆ (ಸಿರುಗುಪ್ಪ): ಗಾಡಿ ಅಲ್ಲಿ ಸ್ಟಾರ್ಟ್ ಆಗುತ್ತಾ ಸರ್?

ಉತ್ತರ: ನನಗೆ ಹೆಚ್ಚು ಚಿಂತೆ ಅದರದ್ದೇ. ನಮ್ಮ ಬಳ್ಳಾರಿ, ರಾಯಚೂರು ಬಿಸಿಲಿಗೆ ಹಳೇ ಗಾಡಿ ರೇಡಿಯೇಟರಿಗೆ ಬರೀ ನೀರು ಹಾಕಿ ಓಡಿಸಿಬಿಡ್ತೀವಿ. ಅಲ್ಲಿ ರಾತ್ರಿ ಆ ನೀರು ಗಟ್ಟಿಯಾಗಿ ಉಬ್ಬಿದರೆ ಎಂಜಿನ್ ಬ್ಲಾಕೇ ಸೀಳಬಹುದು. ಹೊರಡೋ ಮೊದಲು ಪೂರ್ತಿ ಬಸಿದು ಕೂಲೆಂಟ್ (ಹೆಪ್ಪುಗಟ್ಟದ ಹಾಗೆ ತಡೆಯೋ ದ್ರವ), ನೀರು ಅರ್ಧರ್ಧ ತುಂಬಿಸಿ. ಎತ್ತರದಲ್ಲಿ ಗಾಳಿ ತೆಳು, ಗಾಳಿ-ಪೆಟ್ರೋಲ್ ಬೆರೆಸೋ ಕಾರ್ಬೊರೇಟರ್ ಇರೋ ಗಾಡಿಗೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರಬಹುದು, ಏರು ಹತ್ತೋದು ಕಷ್ಟ. ಅಜ್ಜನ ಗಾಡಿ ಅಂದ್ರೆ ಬೇರೆ ಸಿಗೋದಲ್ಲ, ಅಷ್ಟು ದೂರ ಒಯ್ಯಬೇಡಿ ಅಂತೀನಿ. ಅಲ್ಲೇ ಹಳೇ ಜೀಪೋ ಕಾರೋ ಬಾಡಿಗೆಗೆ ಹುಡುಕಿ. ಮನಾಲಿ ಮೇಲಿನ ರೋಹ್ತಾಂಗ್ ಪಾಸ್‌ಗೆ ಪರವಾನಗಿ ಬೇಕು, ಮಾರ್ಚ್‌ನಲ್ಲಿ ಹಿಮದಿಂದ ಮುಚ್ಚಿರುತ್ತೆ, ಅದನ್ನ ಬಿಡಿ. ಸೋಲಾಂಗ್, ಅಥವಾ ಅಟಲ್ ಸುರಂಗ ದಾಟಿದರೆ ಸಿಸ್ಸು ನೋಡಿ.

ಪ್ರಶ್ನೆ (ಕುಷ್ಟಗಿ): ಸರ್, ಹಿಮದಲ್ಲಿ ಇಂಥದ್ದೇ ಶೂಟ್‌ಗೆ ಶಿಫಾನ್ ಸೀರೆ ಉಟ್ಟರೆ ನಮ್ಮ ತಂಗಿ ನಡುಗಲ್ವಾ?

ಉತ್ತರ: ಸೀರೆ ಒಳಗೆ ಮೈಬಣ್ಣದ ಥರ್ಮಲ್ ಹಾಕಿಸಿ, ಕಾಲಿಗೆ ಬೂಟು. ಪೋಸು ಹೊಂದಿಸೋ ತನಕ ಕೋಟು ಮೈಮೇಲೇ ಇರಲಿ, ಕ್ಲಿಕ್ ಹೊತ್ತಿಗೆ ತೆಗೀರಿ. ತುಟಿ ನೀಲಿಯಾಗೋ ಮುಂಚೆ ನಿಲ್ಲಿಸಿ, ಕಾರಿನೊಳಗೆ ಹೀಟರ್ ಹಾಕಿ ಕೂರಿಸಿ.