ಗ್ರಾಫಿನ ವಕ್ರತೆ ಕೂಡಿದರೆ 2 ಬರೋ ಕಡೆ 10 ಬರ್ತಿದೆ, ಎಲ್ಲಿ ಎಡವಿದ್ದೀನಿ?

ಕಲ್ಪತರು_ನೋಡ್ (ತುಮಕೂರು):
ಎಂಎಸ್ಸಿ ಪ್ರಾಜೆಕ್ಟಿಗೆ, ಗ್ರಾಫಿನ (ನೋಡ್ ಅನ್ನೋ ಬಿಂದುಗಳು, ಅವನ್ನ ಜೋಡಿಸೋ ಎಡ್ಜ್ ಅನ್ನೋ ಗೆರೆಗಳು) ಮೇಲೆ ಗಣಿತಜ್ಞ ಆಲಿವರ್ ನಿಲ್ 2011ರಲ್ಲಿ ಕೊಟ್ಟ ವಕ್ರತೆಯನ್ನ ಪೈಥಾನ್‌ನಲ್ಲಿ ಬರೀತಿದ್ದೀನಿ. ಪ್ರತಿ ನೋಡ್‌ಗೆ 1 − ಡಿಗ್ರಿ/2 + ತ್ರಿಕೋನ/3. ಡಿಗ್ರಿ ಅಂದ್ರೆ ಆ ನೋಡ್‌ಗೆ ತಗುಲಿದ ಎಡ್ಜ್‌ಗಳ ಸಂಖ್ಯೆ, ತ್ರಿಕೋನ ಅಂದ್ರೆ ಅದು ಸೇರಿರೋ ತ್ರಿಕೋನಗಳ ಸಂಖ್ಯೆ. ಎಲ್ಲಾ ಕೂಡಿದರೆ ಆಯ್ಲರ್ ಸಂಖ್ಯೆ (ನೋಡ್ − ಎಡ್ಜ್ + ತ್ರಿಕೋನ − …) ಬರಬೇಕು. ಆಕ್ಟಾಹೆಡ್ರನ್‌ಗೆ (ಎಂಟು ತ್ರಿಕೋನ ಮುಖಗಳ ಘನಾಕೃತಿ) 6−12+8, ಅಂದ್ರೆ 2. ನನಗೆ 10 ಬರ್ತಿದೆ! ತ್ರಿಕೋನಗಳನ್ನ ಅಡ್ಜಸೆನ್ಸಿ ಮ್ಯಾಟ್ರಿಕ್ಸಿನ (ಯಾವ ನೋಡ್ ಯಾವುದಕ್ಕೆ ಸೇರಿದೆ ಅನ್ನೋ 0-1 ಕೋಷ್ಟಕ) ಘನ ಮಾಡಿ, ಅದರ ಕರ್ಣದಿಂದ ತಗೊಂಡಿದ್ದೀನಿ. ಕ್ಯೂಬ್‌ಗಂತೂ −4. ಎರಡು ದಿನದಿಂದ ತಲೆ ಕೆಟ್ಟಿದೆ.

ಹಳೇ_ಮೇಷ್ಟ್ರು:
ಕರ್ಣದಲ್ಲಿ ಬರೋದು ಮೂರು ಹೆಜ್ಜೆ ನಡೆದು ಮನೆಗೆ ವಾಪಸ್ ಬರೋ ದಾರಿಗಳು. ಒಂದೇ ತ್ರಿಕೋನವನ್ನ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತಬಹುದಲ್ಲಪ್ಪ, ಹಾಗಾಗಿ ಎರಡೆರಡು ಸಲ ಎಣಿಸಿದ್ದೀಯ. ಪ್ರತಿ ನೋಡ್‌ಗೆ ಕರ್ಣದಲ್ಲಿ ಬಂದ 8ರ ಬದಲು 4 ಹಾಕು: 1−2+4/3 = 1/3, ಆರು ನೋಡ್‌ಗೆ 2.

ಕ್ಯೂಬಿನ −4 ಸರಿಯಾಗೇ ಇದೆ. ಅದರಲ್ಲಿ ತ್ರಿಕೋನವೇ ಇಲ್ಲ, ಚೌಕದ ಮುಖಗಳು ನಿಲ್ ಸೂತ್ರದ ಕಣ್ಣಿಗೆ ಬೀಳಲ್ಲ. ಉಳಿಯೋದು 8−12 ಅಷ್ಟೇ. ಮುಖಗಳೂ ಬೇಕಂದ್ರೆ ಸೂತ್ರ ಬೇರೆ: 1−3/2+3/4 = 1/4, ಎಂಟು ನೋಡ್‌ಗೆ 2.

ಶೂನ್ಯ_ಸಂಪಾದಕ:
ಫಾರ್ಮನ್ ವಕ್ರತೆ ಹಾಕಿ ನೋಡಿ, ಒಂದೇ ಸಾಲಿನ ಕೋಡ್. 4 − ಎಡ್ಜಿನ ಎರಡೂ ತುದಿಯ ಡಿಗ್ರಿಗಳ ಮೊತ್ತ.

ಹಳೇ_ಮೇಷ್ಟ್ರು:
ಅದು ಎಡ್ಜ್‌ಗಳ ಮೇಲಿನ ವಕ್ರತೆ. ಕೂಡಿದರೆ ಆಯ್ಲರ್ ಸಂಖ್ಯೆ ಸಿಗುತ್ತೆ ಅನ್ನೋ ಭರವಸೆ ಇಲ್ಲ. ಹುಡುಗನನ್ನ ಇನ್ನಷ್ಟು ಗೊಂದಲಕ್ಕೆ ಕೆಡವಬೇಡಿ.

ಕಲ್ಪತರು_ನೋಡ್:
ಸಾರ್, ಈಗ 1.9999999999999996 ಬಂತು 😀 ನಾಲ್ಕು ನೋಡ್‌ಗಳ ಸಂಪೂರ್ಣ ಗ್ರಾಫಿಗೂ (ಎಲ್ಲಾ ನೋಡ್ ಪರಸ್ಪರ ಸೇರಿರೋದು, ಅಂದ್ರೆ ನಾಲ್ಕು ತ್ರಿಕೋನ ಮುಖದ ಟೆಟ್ರಾಹೆಡ್ರನ್) 2 ಬಂತು. ಟೆಟ್ರಾಹೆಡ್ರನ್ ಗೋಳದ ಥರ ತಾನೇ, ಸರಿ ಅಲ್ವಾ?

ಹಳೇ_ಮೇಷ್ಟ್ರು:
ಅಲ್ಲ, ಅದು 1 ಬರಬೇಕು. ನಿನ್ನ ಸೂತ್ರ ಅರ್ಧಕ್ಕೇ ನಿಂತಿದೆ. ಅಣ್ಣತಮ್ಮಂದಿರು ಜಮೀನು ಪಾಲು ಮಾಡ್ಕೊಂಡ ಹಾಗೆ ಯೋಚಿಸು: ಎಡ್ಜಿನ −1 ಇಬ್ಬರಿಗೆ, ತ್ರಿಕೋನದ +1 ಮೂವರಿಗೆ. ನಾಲ್ಕೂ ನೋಡ್ ಪರಸ್ಪರ ಸೇರಿದ್ರೆ −1 ನಾಲ್ವರಿಗೆ, ಅಂದ್ರೆ ತಲಾ −1/4. ಆಗ 1−3/2+1−1/4 = 1/4, ನಾಲ್ಕಕ್ಕೆ 1. ಇಲ್ಲಿ ಟೆಟ್ರಾಹೆಡ್ರನ್ ಒಳಗೂ ತುಂಬಿದ ಗಟ್ಟಿ ಮುದ್ದೆ, ಟೊಳ್ಳು ಚೆಂಡಲ್ಲ. ಆಕ್ಟಾಹೆಡ್ರನ್‌ನಲ್ಲಿ ಅಂಥ ನಾಲ್ವರು ಇಲ್ಲ, ಅದಕ್ಕೇ ಅಲ್ಲಿ ಬಚಾವಾದೆ. ನೆಟ್‌ವರ್ಕ್‌ಎಕ್ಸ್ (ಪೈಥಾನಿನ ಗ್ರಾಫ್ ಲೈಬ್ರರಿ) ಬಳಸಿದ್ರೆ, ಪರಸ್ಪರ ಸೇರಿದ ನೋಡ್ ಗುಂಪುಗಳಾದ ಎಲ್ಲಾ ಕ್ಲಿಕ್‌ಗಳನ್ನೂ ಕೊಡೋ ಫಂಕ್ಷನ್ ತಗೋ, ಮ್ಯಾಕ್ಸಿಮಲ್ (ಇನ್ನೊಂದು ನೋಡ್ ಸೇರಿಸಲಾಗದಂಥವು) ಮಾತ್ರ ಕೊಡೋದು ಬೇಡ. ದಶಮಾಂಶ ಬಿಟ್ಟು ಭಿನ್ನರಾಶಿ ಲೈಬ್ರರಿ ಹಾಕು.

ನಿನ್ನೂರಿನದ್ದೇ ಪರೀಕ್ಷೆ ಮಾಡು. ತುಮಕೂರು–ಕೊರಟಗೆರೆ–ಮಧುಗಿರಿ–ಶಿರಾ–ತುಮಕೂರು ಒಂದು ಸುತ್ತು. ಎಲ್ಲರದ್ದೂ 0, ಮೊತ್ತವೂ 0, ನಡುವೆ ತೂತು. ಈಗ ತುಮಕೂರು–ಮಧುಗಿರಿ ನೇರ ಗೆರೆ ಎಳಿ. ಎರಡು ತ್ರಿಕೋನ ಆಗಿ ತೂತು ಮುಚ್ಚುತ್ತೆ: ತುಮಕೂರು, ಮಧುಗಿರಿ ತಲಾ 1/6, ಉಳಿದೆರಡು ತಲಾ 1/3, ಮೊತ್ತ 1.

ಕಲ್ಪತರು_ನೋಡ್:
ಎರಡೂ ಸರಿಯಾಗಿ ಬಂತು ಸಾರ್! ಆಮೇಲೆ ನೇರ ಗೆರೆ ಅಳಿಸಿ, ತುಮಕೂರಿಗೆ ಗುಬ್ಬಿ ತಗುಲಿಸಿದೆ. ತುಮಕೂರು −1/2, ಗುಬ್ಬಿ +1/2, ಮೊತ್ತ ಮತ್ತೆ 0.