ಅಕ್ಕನ ರಿಪೋರ್ಟ್‌ನಲ್ಲಿ ಸಿಎ 125 ಜಾಸ್ತಿ ಬಂದಿದೆ, ಕ್ಯಾನ್ಸರ್ ಅಂತಾನೇ ಅರ್ಥವಾ?

ತುಂಗಾತೀರ:
ನಮ್ಮ ಅಕ್ಕನಿಗೆ 43 ವರ್ಷ. ಆರೋಗ್ಯವಾಗಿಯೇ ಇದ್ದಾಳೆ, ಮುಟ್ಟಿನ ಹೊಟ್ಟೆನೋವು ಮಾತ್ರ ಮೊದಲಿಂದಲೂ ಜಾಸ್ತಿ. ಫುಲ್ ಬಾಡಿ ಚೆಕಪ್ ಮಾಡಿಸಿದಾಗ ಪ್ಯಾಕೇಜ್‌ನಲ್ಲಿ ಸಿಎ 125 ಅಂತ ಒಂದು ರಕ್ತ ಪರೀಕ್ಷೆಯೂ ಇತ್ತು. 35ರ ಒಳಗಿರಬೇಕಂತೆ, ಇವಳಿಗೆ 61 ಬಂದಿದೆ. ನೆಟ್‌ನಲ್ಲಿ ನೋಡಿದರೆ ಅಂಡಾಶಯದ ಕ್ಯಾನ್ಸರ್ ಅಂತ ತೋರಿಸುತ್ತೆ. ಅವಳು ಸರಿಯಾಗಿ ಊಟ ಮಾಡ್ತಿಲ್ಲ, ಭಾವ ನೇರವಾಗಿ ಪೆಟ್ ಸ್ಕ್ಯಾನ್ (ದೇಹದಲ್ಲೆಲ್ಲ ಕ್ಯಾನ್ಸರ್ ಹುಡುಕುವ ಸ್ಕ್ಯಾನ್) ಮಾಡಿಸೋಣ ಅಂತಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಸೀರಮ್_ಟ್ಯೂಬ್:
ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ಡಾಕ್ಟರ್ ಅಲ್ಲ. ಮೊದಲು ಅಕ್ಕನಿಗೆ ಹೇಳಿ, 61 ಅಂದ ತಕ್ಷಣ ಕ್ಯಾನ್ಸರ್ ಅಲ್ಲ. ಸಿಎ 125 ಒಂದು ಪ್ರೋಟೀನ್. ಅಂಡಾಶಯದ ಗಡ್ಡೆಯಿಂದ ಮಾತ್ರ ಬರುವುದಲ್ಲ, ಹೊಟ್ಟೆಯ ಒಳಪದರಕ್ಕೆ ಏನೇ ಕಿರಿಕಿರಿಯಾದರೂ ರಕ್ತದಲ್ಲಿ ಏರಬಹುದು. ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ), ಲಿವರ್ ತೊಂದರೆ, ಗರ್ಭಿಣಿಯಾಗಿದ್ದಾಗ, ಅಷ್ಟೇ ಯಾಕೆ, ಮುಟ್ಟಿನ ದಿನಗಳಲ್ಲೂ ಏರುತ್ತೆ. ರಕ್ತ ಕೊಟ್ಟ ದಿನ ಮುಟ್ಟಾಗಿತ್ತಾ ಕೇಳಿ. ಇನ್ನೊಂದು ಕಡೆ, ಅಂಡಾಶಯದ ಕ್ಯಾನ್ಸರ್ ಮೊದಲ ಹಂತದಲ್ಲಿರುವವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಇದು ಏರುವುದೇ ಇಲ್ಲ. ಅಂದರೆ ನಾರ್ಮಲ್ ಬಂದರೂ ಪೂರ್ತಿ ನಂಬುವ ಹಾಗಿಲ್ಲ. ಈ ಟೆಸ್ಟ್ ನಿಜವಾಗಿ ಉಪಯೋಗಕ್ಕೆ ಬರುವುದು ಕ್ಯಾನ್ಸರ್ ಇದೆ ಅಂತ ಗೊತ್ತಾದವರಲ್ಲಿ, ಕೀಮೋ ಕೆಲಸ ಮಾಡ್ತಿದೆಯಾ, ಕಾಯಿಲೆ ಮತ್ತೆ ಬರ್ತಿದೆಯಾ ಅಂತ ನೋಡುವುದಕ್ಕೆ. ಮತ್ತೆ ಮಾಡಿಸುವುದಾದರೆ ಅದೇ ಲ್ಯಾಬ್‌ನಲ್ಲೇ ಮಾಡಿಸಿ, ಮೆಷಿನ್ ಮತ್ತು ಕಿಟ್ ಬೇರೆಯಾದರೆ ಅಂಕಿಯೂ ಬದಲಾಗುತ್ತೆ.

ಬಯಲುಸೀಮೆ_ಟೀಚರ್:
ನಮ್ಮ ಚಿಕ್ಕಮ್ಮನಿಗೆ ಹೊಟ್ಟೆಯಲ್ಲಿ ನೀರು ತುಂಬಿ ಸಿಎ 125 ನೂರಾರು ಬಂದಿತ್ತು. ಮನೆಯವರೆಲ್ಲ ಆಸೆ ಬಿಟ್ಟಿದ್ದರು. ಡಾಕ್ಟರ್ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸಿದ ಮೇಲೆ ಗೊತ್ತಾಗಿದ್ದು ಹೊಟ್ಟೆಯ ಟಿಬಿ. ಟಿಬಿ ಮಾತ್ರೆ ಕೋರ್ಸ್ ಮುಗಿಸಿ ಈಗ ತೋಟದ ಕೆಲಸ ಮಾಡಿಕೊಂಡಿದ್ದಾರೆ. ನಮ್ಮ ದೇಶದಲ್ಲಿ ಟಿಬಿಯನ್ನು ಮರೆಯಬಾರದು, ಅದಕ್ಕೇ ಹೇಳಿದೆ.

ನೀಲಿ_ಕೋಟು:
ನಾನು ಪಿಜಿ ಓದುತ್ತಿರುವ ಡಾಕ್ಟರ್. ಪೆಟ್ ಸ್ಕ್ಯಾನ್ ಈಗಲೇ ಬೇಡ. ಸ್ತ್ರೀರೋಗ ತಜ್ಞರನ್ನು ನೋಡಿ, ಯೋನಿಯ ಮೂಲಕ ಒಳಗಿನಿಂದ ಮಾಡುವ ಅಲ್ಟ್ರಾಸೌಂಡ್ ಸಾಕಷ್ಟು ಹೇಳುತ್ತೆ. ಮುಟ್ಟಿನ ನೋವು ಅಷ್ಟು ಇದೆ ಅಂದರೆ ಎಂಡೋಮೆಟ್ರಿಯೋಸಿಸ್ ಬಗ್ಗೆ ಅವರೇ ಕೇಳುತ್ತಾರೆ. ತಾಯಿ, ಚಿಕ್ಕಮ್ಮ, ಅಜ್ಜಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದಿದ್ದರೆ ಮರೆಯದೆ ಹೇಳಿ, ಆಗ ಲೆಕ್ಕವೇ ಬೇರೆ.

ನನಗೆ ಸಿಟ್ಟು ಬರುವುದು ಈ ಪ್ಯಾಕೇಜ್‌ಗಳ ಮೇಲೆ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕೆಲವರಿಗೆ ಪ್ರತಿವರ್ಷ ಸಿಎ 125 ನೋಡಿದರು, ಕೆಲವರಿಗೆ ಅಲ್ಟ್ರಾಸೌಂಡ್ ಸ್ಕ್ಯಾನ್, ಉಳಿದವರಿಗೆ ಏನೂ ಇಲ್ಲ. 2021ರಲ್ಲಿ ಫಲಿತಾಂಶ ಬಂತು: ರಕ್ತ ಪರೀಕ್ಷೆಯಿಂದ ಕೆಲವು ಕ್ಯಾನ್ಸರ್ ಬೇಗ ಸಿಕ್ಕರೂ ಸಾವು ಕಮ್ಮಿಯಾಗಲಿಲ್ಲ. ಹಾಗಿದ್ದೂ ಆರೋಗ್ಯವಾಗಿರುವವರಿಗೆ ಇದನ್ನು ಸೇರಿಸಿ ಮಾರುತ್ತಾರೆ. ಪ್ಯಾಕೇಜ್‌ಗಳಲ್ಲಿ ಕ್ಯಾನ್ಸರಿಗೆ ಅಂತ ಸೇರಿಸುವ ಸಿಇಎ ಅನ್ನುವ ಇನ್ನೊಂದು ರಕ್ತ ಪರೀಕ್ಷೆ ಕೂಡ ಹಾಗೆಯೇ, ಬೀಡಿ ಸಿಗರೇಟು ಸೇದುವವರಿಗೆ ಸುಮ್ನೆ ಏರಿರುತ್ತೆ. ಅಕ್ಕನ ವಯಸ್ಸಿಗೆ ನಿಜವಾಗಿ ಬೇಕಾದದ್ದು ಗರ್ಭಕಂಠದ ಕ್ಯಾನ್ಸರಿಗೆ ಪ್ಯಾಪ್ ಅಥವಾ ಎಚ್‌ಪಿವಿ ಟೆಸ್ಟ್. ಅದು ಆ ಪ್ಯಾಕೇಜ್‌ನಲ್ಲಿ ಇತ್ತಾ?

ತುಂಗಾತೀರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೇಳಿದೆ, ರಕ್ತ ಕೊಟ್ಟಿದ್ದು ಮುಟ್ಟಿನ ಎರಡನೇ ದಿನವಂತೆ. ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇರಲಿಲ್ಲ. ಪ್ಯಾಪ್ ಟೆಸ್ಟ್ ಪ್ಯಾಕೇಜ್‌ನಲ್ಲಿ ಇರಲಿಲ್ಲ, ಅವಳು ಇದುವರೆಗೂ ಮಾಡಿಸಿಯೇ ಇಲ್ಲ. ಸೋಮವಾರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗ್ತೀನಿ, ಸ್ಕ್ಯಾನ್ ಜೊತೆ ಅದನ್ನೂ ಕೇಳ್ತೀನಿ. ಭಾವನಿಗೆ ಈ ಉತ್ತರಗಳನ್ನೆಲ್ಲ ಓದಿಸಿದೆ, ಪೆಟ್ ಸ್ಕ್ಯಾನ್ ಸದ್ಯಕ್ಕೆ ಬೇಡ ಅಂತ ಒಪ್ಪಿದರು.