ಬಿಸಿಲಿನ ನಾಡಿನಲ್ಲಿದ್ದೂ ವಿಟಮಿನ್ ಡಿ ಕೊರತೆ ಏಕೆ?

ಪ್ರಶ್ನೆ:
ಬೆಂಗಳೂರಿನವನಾದ ನಾನು ದಿನವೂ ಬೆಳಿಗ್ಗೆ ಆರೂವರೆಗೆ ಅರ್ಧ ಗಂಟೆ ನಡೆಯುತ್ತೇನೆ, ಕಚೇರಿಯಲ್ಲಿಯೂ ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲೇ ಕೂರುತ್ತೇನೆ. ಆದರೂ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 14 ನ್ಯಾನೋಗ್ರಾಂ ಮಾತ್ರ ಇದೆ. ಇದು ಹೇಗೆ ಸಾಧ್ಯವೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಹೆಸರಿಗೆ ವಿಟಮಿನ್ ಆದರೂ ಇದು ಹಾರ್ಮೋನಿನ ಕಚ್ಚಾವಸ್ತು. ಚರ್ಮದಲ್ಲಿರುವ ಕೊಲೆಸ್ಟರಾಲಿನ ಸಂಬಂಧಿಯೊಂದು, ಸುಮಾರು 290ರಿಂದ 315 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಬಿ ಕಿರಣ ತಾಗಿದಾಗ ವಿಟಮಿನ್ ಡಿ3 ಆಗಿ ಮಾರ್ಪಡುತ್ತದೆ. ಅದು ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಮತ್ತೊಮ್ಮೆ ಬದಲಾದ ಮೇಲಷ್ಟೇ ಕ್ಯಾಲ್ಸಿಟ್ರಿಯಾಲ್ ಎಂಬ ಹಾರ್ಮೋನಾಗಿ, ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರಿಕೊಳ್ಳುವಂತೆ ಮಾಡುತ್ತದೆ. ಸೂರ್ಯ ಕೆಳಗಿರುವ ಮುಂಜಾನೆಯಲ್ಲಿ ಈ ಕಿರಣಗಳು ವಾತಾವರಣದಲ್ಲೇ ಬಹುತೇಕ ಸೋಸಿಹೋಗುತ್ತವೆ. ಕಿಟಕಿಯ ಗಾಜು ಉಳಿದದ್ದನ್ನೂ ತಡೆಯುತ್ತದೆ. ನಮ್ಮ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಕೂಡ ಅಡ್ಡ ನಿಲ್ಲುವುದರಿಂದ ಬಿಳಿಚರ್ಮದವರಿಗಿಂತ ಹೆಚ್ಚು ಹೊತ್ತಿನ ಬಿಸಿಲು ಬೇಕು. ತೋಳು, ಕಾಲುಗಳಿಗೆ ನಡುಹಗಲಿನ ಬಿಸಿಲು ಸ್ವಲ್ಪ ಹೊತ್ತು ತಾಗಲಿ, ಆದರೆ ಚರ್ಮ ಸುಡುವಷ್ಟಲ್ಲ.

ಉತ್ತರ 2:
ಹಾಗೆಂದು ಮುಂಜಾನೆಯ ನಡಿಗೆಯನ್ನು ಬಿಡಬೇಡಿ. ಆ ಬೆಳಕು ಚರ್ಮಕ್ಕಲ್ಲ, ಕಣ್ಣಿಗೆ ಬೇಕು. ಅಕ್ಷಿಪಟಲದ ವಿಶೇಷ ಕೋಶಗಳು ಮಿದುಳಿನ ಗಡಿಯಾರಕ್ಕೆ ಹಗಲಾದ ಸುದ್ದಿ ಮುಟ್ಟಿಸುವುದರಿಂದ, ರಾತ್ರಿ ಪೀನಿಯಲ್ ಗ್ರಂಥಿ ಸಕಾಲದಲ್ಲಿ ನಿದ್ದೆಗೆ ನೆರವಾಗುವ ಮೆಲಟೋನಿನ್ ಹಾರ್ಮೋನನ್ನು ಸ್ರವಿಸುತ್ತದೆ.

ಉತ್ತರ 3:
ಒಂದು ಎಚ್ಚರಿಕೆ. ವಾರಕ್ಕೊಮ್ಮೆ ನುಂಗುವ 60,000 ಯೂನಿಟ್ ವಿಟಮಿನ್ ಡಿ ಮಾತ್ರೆಯನ್ನು ವೈದ್ಯರು ಹೇಳಿದ ಅವಧಿಯ ಆಚೆಗೆ ಮುಂದುವರಿಸಬೇಡಿ. ಬಿಸಿಲಿನಿಂದ ವಿಟಮಿನ್ ಡಿ ಅತಿಯಾಗದು, ಏಕೆಂದರೆ ಹೆಚ್ಚಾದುದನ್ನು ಬಿಸಿಲೇ ಒಡೆದುಹಾಕುತ್ತದೆ. ಮಾತ್ರೆ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು.